ದಿನಕ್ಕೆ 17 ನಿಮಿಷ, ಮನೆ ಹತ್ತಿರದ ಮರಕ್ಕೆ

ಚಾರ್ಮಾಡಿ ಘಾಟಿಗೆ ಹೋಗಬೇಕು ಅಂತ ನಮ್ಮ ಮನೆಯಲ್ಲಿ ಮೂರು ವರ್ಷ ಮಾತಾಡಿದೆವು. ಒಂದು ಸಲ ಮಗಳ ಪರೀಕ್ಷೆ, ಇನ್ನೊಂದು ಸಲ ನನಗೆ ರಜೆ ಇಲ್ಲ, ಮತ್ತೊಂದು ಸಲ ಹತ್ತಿರದವರ ಮದುವೆ. ಆ ಮೂರು ವರ್ಷವೂ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ನಾಗಬನ ಇತ್ತು. ಅದರ ಅಂಚಿನಲ್ಲಿ ದೊಡ್ಡ ರೆಂಜೆ (ಬಕುಲ) ಮರ. ದಿನಕ್ಕೆ ಎರಡು ಸಲ ಅದರ ಕೆಳಗೇ ಹಾದು ಹೋಗುತ್ತಿದ್ದೆ. ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ.

ಈಗ ದಿನಾ ನಿಲ್ಲುತ್ತೇನೆ. ಅದಕ್ಕೆ ರಜೆ ಹಾಕಬೇಕಾಗಿಲ್ಲ, ಕಾರು ತೆಗೆಯಬೇಕಾಗಿಲ್ಲ. ಮಂಗಳೂರು, ಉಡುಪಿಯ ನಮಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ, ನಡುವೆ ಹೊಳೆ, ಗದ್ದೆ, ಪದವು (ಮುರಕಲ್ಲಿನ ಎತ್ತರದ ಬಯಲು) ಎಲ್ಲವೂ ಉಂಟು. ಇಷ್ಟಿದ್ದೂ ‘ಪ್ರಕೃತಿ ನೋಡಲು ಸಮಯವೇ ಸಿಗುವುದಿಲ್ಲ’ ಎನ್ನುವವರು ನಮ್ಮಲ್ಲಿ ಜಾಸ್ತಿ. ಸಮಯ ಸಿಗಲಿ ಅಂತ ಕಾಯುವುದೇ ತಪ್ಪು ದಾರಿ. ಇರುವ ದಿನದೊಳಗೇ ಅದನ್ನು ಹೇಗೆ ಸೇರಿಸಿಕೊಳ್ಳುವುದು? ನನಗೆ ಒಗ್ಗಿದ ಕ್ರಮ ಹೀಗಿದೆ.

ಮೊದಲು ಲೆಕ್ಕ

ಎಷ್ಟು ಹೊತ್ತು ಬೇಕು? ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ‘ಸೈಂಟಿಫಿಕ್ ರಿಪೋರ್ಟ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ವಾರಕ್ಕೆ ಒಟ್ಟು 120 ನಿಮಿಷವಾದರೂ ಪಾರ್ಕು, ಕಾಡು, ಕಡಲತೀರದಂಥ ಜಾಗಗಳಲ್ಲಿ ಕಳೆಯುವವರಲ್ಲಿ ‘ಆರೋಗ್ಯ ಚೆನ್ನಾಗಿದೆ, ಮನಸ್ಸು ನೆಮ್ಮದಿಯಾಗಿದೆ’ ಎಂದು ಹೇಳಿದವರು ಜಾಸ್ತಿ ಇದ್ದರು. ಆರೋಗ್ಯ ಇರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂದೂ ಇರಬಹುದು, ಹಾಗಾಗಿ ಇದನ್ನು ಔಷಧದ ಚೀಟಿಯಂತೆ ನೋಡುವುದು ಬೇಡ. ಆದರೆ ನಮಗೆ ಉಪಯೋಗಕ್ಕೆ ಬರುವ ಒಂದು ಮಾತು ಅದರಲ್ಲಿದೆ. ಆ ಎರಡು ಗಂಟೆಯನ್ನು ಒಂದೇ ಸಲ ಕಳೆದರೂ, ತುಂಡು ತುಂಡಾಗಿ ಕಳೆದರೂ ಫಲ ಒಂದೇ ತೆರನಾಗಿತ್ತು.

ಎರಡು ಗಂಟೆಯನ್ನು ಏಳು ದಿನಕ್ಕೆ ಹಂಚಿ. ದಿನಕ್ಕೆ ಸುಮಾರು 17 ನಿಮಿಷ. ಆ ಅಧ್ಯಯನದಲ್ಲಿ ಸ್ವಂತ ಅಂಗಳದಲ್ಲಿ ಕಳೆದ ಹೊತ್ತು ಲೆಕ್ಕಕ್ಕಿರಲಿಲ್ಲ. ಹಾಗಾಗಿ ಗೇಟು ದಾಟಿ ಹೊರಗೆ ಬನ್ನಿ.

ಒಂದೇ ಜಾಗ, ಹತ್ತಿರದ್ದು

ಮನೆಯಿಂದಲೋ ಆಫೀಸಿನಿಂದಲೋ ಐದು ನಿಮಿಷ ನಡೆದರೆ ಸಿಗುವ ಒಂದು ಜಾಗ ಆರಿಸಿಕೊಳ್ಳಿ. ಒಂದು ಮರವಾದರೂ ಸಾಕು. ಮಂಗಳೂರು ಪೇಟೆಯವರಿಗೆ ಕದ್ರಿ ಪಾರ್ಕ್ ಇದೆ, ಲೈಟ್‌ಹೌಸ್ ಹಿಲ್‌ನ ಟ್ಯಾಗೋರ್ ಪಾರ್ಕ್ ಇದೆ. ಮಣಿಪಾಲದವರಿಗೆ ಮಣ್ಣಪಳ್ಳ ಕೆರೆ. ಹಳ್ಳಿ ಕಡೆ ಇರುವವರಿಗೆ ಗದ್ದೆಯ ಹುಣಿ (ಬದು). ಪಿಲಿಕುಳದ ನಿಸರ್ಗಧಾಮ ಚೆಂದವೇ, ಆದರೆ ಹೆಚ್ಚಿನವರಿಗೆ ಅದು ದಿನಾ ಹೋಗಿ ಬರುವ ದೂರ ಅಲ್ಲ.

ನಾಗಬನ ಹತ್ತಿರ ಇದ್ದರೆ ಅದನ್ನೇ ಆರಿಸಿ. ಎಷ್ಟೋ ಬನಗಳು ಸಿಮೆಂಟಿನ ಕಟ್ಟೆಗಳಾಗಿಬಿಟ್ಟಿವೆ, ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಮರಗಳು ಉಳಿದಿರುವ ಬನ ಮಾತ್ರ ಪೇಟೆಯ ನಡುವೆಯೂ ಪುಟ್ಟ ಕಾಡೇ. ಒಳಗೆ ಕಾಲಿಡುವುದು ಬೇಡ, ಅದು ನಂಬಿಕೆಯ ಜಾಗ. ಹೊರಗೆ ನಿಂತು ನೋಡಿ.

ಜಾಗ ಬದಲಿಸಬೇಡಿ ಅಂತ ಯಾಕೆ ಹೇಳುತ್ತೇನೆ ಗೊತ್ತಾ? ಬದಲಾವಣೆ ಕಣ್ಣಿಗೆ ಬೀಳುವುದು ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದಾಗ ಮಾತ್ರ. ನನ್ನ ರೆಂಜೆ ಮರ ಮೊದಲ ವಾರ ಬರೀ ಹಸಿರಾಗಿ ಕಂಡಿತು. ಮೂರನೇ ವಾರ ಬೆಳಿಗ್ಗೆ ರಸ್ತೆಯ ಧೂಳಿನ ಮೇಲೆ ಬಿಳಿ ಚುಕ್ಕಿಗಳು. ಬಗ್ಗಿ ನೋಡಿದರೆ ಹೂ. ಕಿರುಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ನಕ್ಷತ್ರದ ಹಾಗೆ ಎಸಳು, ನಡುವೆ ತೂತು. ಆ ತೂತಿನಲ್ಲಿ ಬಾಳೆನಾರು ತೂರಿಸಿದರೆ ಸೂಜಿ ಇಲ್ಲದೆ ಮಾಲೆಯಾಗುತ್ತದೆ. ಒಂದು ಹಿಡಿ ಹೆಕ್ಕಿ ಅಮ್ಮನಿಗೆ ಕೊಟ್ಟೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ಸುಮ್ನೆ ಕೂತರು. ಆಮೇಲೆ, “ಒಣಗಿದ ಮೇಲೂ ಇದರ ಪರಿಮಳ ಹೋಗುವುದಿಲ್ಲ ಮಗಾ, ಸೀರೆಯ ಮಡಿಕೆಯಲ್ಲಿಡು” ಎಂದರು. ಹೂ ಕಂದು ಬಣ್ಣಕ್ಕೆ ತಿರುಗಿ ಕಾಗದದಂತಾಗಿದೆ. ಕಪಾಟು ತೆಗೆದರೆ ಈಗಲೂ ಅದೇ ವಾಸನೆ.

ಇದ್ದ ಕೆಲಸಕ್ಕೇ ಅಂಟಿಸಿ

ಬೇರೆ ಹೊತ್ತು ತೆಗೆದಿಡಲು ಹೋದರೆ ಒಂದು ವಾರದಲ್ಲಿ ನಿಂತುಹೋಗುತ್ತದೆ. ದಿನಾ ಮಾಡುವ ಯಾವುದಾದರೂ ಕೆಲಸಕ್ಕೆ ಇದನ್ನು ಜೋಡಿಸಿ. ಬೆಳಗಿನ ಚಾ ಲೋಟ ಹಿಡಿದುಕೊಂಡು ಗೇಟಿನ ಹೊರಗೆ ಐದು ನಿಮಿಷ. ಸಂಜೆ ಒಂದು ಸ್ಟಾಪ್ ಮೊದಲೇ ಇಳಿದು ಒಳರಸ್ತೆಯಲ್ಲಿ ನಡಿಗೆ. ಅಕ್ಕನಿಗೆ, ಗೆಳತಿಗೆ ಫೋನ್ ಮಾಡುವುದಿದ್ದರೆ ಮರದ ಕೆಳಗೆ ನಿಂತು ಮಾಡಿ. ಮಗುವಿನ ಶಾಲೆಯ ವ್ಯಾನಿಗೆ ಕಾಯುವ ಹತ್ತು ನಿಮಿಷ ನಿಮಗೆ ಹೇಗೂ ಸಿಕ್ಕೇ ಸಿಗುತ್ತದೆ, ಅಲ್ವಾ? ಆಗ ಮೊಬೈಲ್ ಚೀಲದಲ್ಲಿರಲಿ.

ಆಫೀಸು ಬಿಟ್ಟು ಕದಲಲಾಗದ ಕೆಲಸವೇ? ಕುರ್ಚಿಯನ್ನು ಕಿಟಕಿ ಕಡೆ ತಿರುಗಿಸಿ. ರೋಜರ್ ಉಲ್ರಿಕ್ ಎಂಬ ಸಂಶೋಧಕರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರ ದಾಖಲೆಗಳನ್ನು ನೋಡಿ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕಿಟಕಿಯಿಂದ ಮರ ಕಾಣುತ್ತಿದ್ದ 23 ಮಂದಿ, ಇಟ್ಟಿಗೆ ಗೋಡೆ ಕಾಣುತ್ತಿದ್ದ 23 ಮಂದಿಗಿಂತ ಬೇಗ ಮನೆಗೆ ಹೋದರು. ಅವರಿಗೆ ಬಲವಾದ ನೋವಿನ ಔಷಧವೂ ಕಡಿಮೆ ಸಾಕಾಯಿತು. ಸಣ್ಣ ಅಧ್ಯಯನ, ನಿಜ. ಆದರೂ ಕುರ್ಚಿ ತಿರುಗಿಸಲು ಖರ್ಚೇನೂ ಇಲ್ಲ.

ಕಿವಿಯಿಂದ ಶುರು

ಹಕ್ಕಿ ನೋಡಲು ದುರ್ಬೀನು ಬೇಕು ಎಂದುಕೊಂಡು ಎಷ್ಟೋ ಮಂದಿ ಶುರುವೇ ಮಾಡುವುದಿಲ್ಲ. ಕಣ್ಣಿಗಿಂತ ಕಿವಿಯ ದಾರಿ ಸುಲಭ, ಪಾತ್ರೆ ತೊಳೆಯುತ್ತಲೂ ಕೇಳಬಹುದು. ತಿಂಗಳಿಗೆ ಒಂದೇ ಒಂದು ದನಿ ಕಲಿಯಿರಿ.

ಕುಟ್ರು ಹಕ್ಕಿಯಿಂದ ಶುರು ಮಾಡಿ, ಅದು ತನ್ನ ಹೆಸರನ್ನು ತಾನೇ ಹೇಳುತ್ತದೆ: ‘ಕುಟ್ರೂ ಕುಟ್ರೂ ಕುಟ್ರೂ’. ಹಸಿರು ಮೈ, ಎಲೆಯ ನಡುವೆ ಇದ್ದರೆ ಕಾಣುವುದೇ ಇಲ್ಲ. ಗುಡ್ಡದ ಪೊದೆಯಿಂದ ‘ಊಪ್ ಊಪ್’ ಎಂದು ಆಳದ ದನಿ ಬಂದರೆ ಅದು ಕೆಂಬೂತ. ಬೇಸಿಗೆ ಶುರುವಾಗುವ ಹೊತ್ತಿಗೆ, ಬೆಳಕು ಹರಿಯುವ ಮೊದಲೇ ಯಾರೋ ಸಿಳ್ಳೆಯಲ್ಲಿ ಹಾಡಿದ ಹಾಗೆ ಕೇಳಿದರೆ ಮಡಿವಾಳ ಹಕ್ಕಿ ಇರಬೇಕು. ಕಪ್ಪು ಬಿಳುಪಿನ ಹಕ್ಕಿ, ಕರೆಂಟಿನ ತಂತಿಯ ಮೇಲೋ ಟೆರೇಸಿನ ಅಂಚಿನಲ್ಲೋ ಕೂತಿರುತ್ತದೆ. ಗುರುತಾಗದಿದ್ದರೆ ‘ಮರ್ಲಿನ್’ ಎಂಬ ಉಚಿತ ಆ್ಯಪ್ ದನಿ ಕೇಳಿ ಹೆಸರು ಸೂಚಿಸುತ್ತದೆ. ನಾನಂತೂ ಮೊದಲು ಎರಡು ಮೂರು ದಿನ ಬರೀ ಕೇಳುತ್ತೇನೆ, ಆಮೇಲೆ ಆ್ಯಪ್ ತೆಗೆಯುತ್ತೇನೆ. ಆಗ ದನಿ ಮರೆಯುವುದಿಲ್ಲ.

ಭಾನುವಾರ ಕಡಲಿಗೆ, ಇಳಿತ ನೋಡಿಕೊಂಡು

ವಾರಕ್ಕೊಮ್ಮೆ ಒಂದು ಗಂಟೆ ಸಿಕ್ಕಿದರೆ ಕಡಲಿಗೆ ಹೋಗಿ. ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಫಲ್ಗುಣಿ ಹೊಳೆ ದಾಟಿ ತಣ್ಣೀರುಬಾವಿ. ಉಡುಪಿ ಕಡೆಯವರಿಗೆ ಪಡುಕೆರೆ, ಕಾಪು, ಕೋಡಿಬೆಂಗ್ರೆ. ಸೂರ್ಯ ಮುಳುಗುವುದನ್ನು ನೋಡಿ ಚರುಮುರಿ ತಿಂದು ಬರುವುದು ಹೇಗೂ ಇದ್ದದ್ದೇ. ಒಂದು ಸಲ ಇಳಿತದ ಹೊತ್ತು ನೋಡಿಕೊಂಡು ಹೋಗಿ.

ನಮ್ಮ ಕಡಲಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಭರತದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಜಾಸ್ತಿ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಆ ದಿನದ ಹೊತ್ತು ಮೊಬೈಲಿನಲ್ಲಿ ಸಿಗುತ್ತದೆ, ಇಲ್ಲದಿದ್ದರೆ ಮೀನು ಹಿಡಿಯುವವರನ್ನು ಕೇಳಿ.

ನಂದಿನಿ, ಶಾಂಭವಿ ಹೊಳೆಗಳು ಕಡಲು ಸೇರುವ ಸಸಿಹಿತ್ಲುವಿಗೆ ಒಂದು ಬೆಳಿಗ್ಗೆ ಮಗಳ ಜತೆ ಹೋಗಿದ್ದೆ. ನೀರು ಇಳಿದ ಮರಳಿನ ಮೇಲೆಲ್ಲ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಸಣ್ಣ ಉಂಡೆಗಳು. ಒಂದು ತೂತಿನ ಸುತ್ತ ಗೆರೆ ಗೆರೆಯಾಗಿ, ರಂಗೋಲಿ ಚುಕ್ಕಿಯಂತೆ. ಇಬ್ಬರೂ ಕುಕ್ಕುರುಗಾಲಲ್ಲಿ ಕೂತೆವು. ಅಲುಗಾಡದೆ ಎರಡು ನಿಮಿಷ ಕೂತ ಮೇಲೆ ತೂತಿನಿಂದ ಒಂದು ಏಡಿ ಹೊರಬಂತು. ಉಗುರಿನಷ್ಟಗಲ, ಮರಳಿನದೇ ಬಣ್ಣ. ಎರಡೂ ಕೊಂಬುಗಳಿಂದ ಮರಳು ಎತ್ತಿ ಬಾಯಿಗೆ ಹಾಕುವುದು, ಮರಳಿಗೆ ಅಂಟಿದ ಆಹಾರ ಹೀರಿಕೊಂಡು ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುವುದು. ಅಷ್ಟೂ ಉಂಡೆಗಳು ಅದರದೇ ಕೆಲಸ. “ಅಮ್ಮ, ನೀರು ಬಂದರೆ ಇದೆಲ್ಲ ಹೋಗ್ತದಲ್ಲ?” ಎಂದಳು. ಹೋಗುತ್ತದೆ, ಮುಂದಿನ ಇಳಿತಕ್ಕೆ ಮತ್ತೆ ಬರೆಯುತ್ತದೆ ಎಂದೆ. ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ ಕಳೆದಿತ್ತು. ತಿಂಡಿಯ ಹೊತ್ತಿಗೆ ಮನೆಯಲ್ಲಿದ್ದೆವು.

ಮಳೆ ಬಂತೆಂದು ನಿಲ್ಲಿಸಬೇಡಿ

ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಬಾಗಿಲು ಹಾಕಿಕೊಂಡರೆ ಕರಾವಳಿಯ ಅರ್ಧ ಚೆಲುವೇ ತಪ್ಪಿತು. ಮೊದಲ ಜೋರು ಮಳೆಗೆ ಗದ್ದೆಯ ಗೋಂಕುರು ಕಪ್ಪೆಗಳ ಗಂಡುಗಳು ಹಳದಿ ಬಣ್ಣಕ್ಕೆ ತಿರುಗಿ ಕೂಗುವುದನ್ನು ನೋಡಲು ಸಿಗುವುದು ಕೆಲವೇ ದಿನ. ಪದವಿನ ಮುರಕಲ್ಲಿನ ಮೇಲೆ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ನೆಲಕ್ಕೆ ಅಂಟಿದಂಥ ಪುಟ್ಟ ಹೂಗಳ ಹಾಸು. ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಬೇಲಿಬದಿಯ ತಜಂಕು (ತಗಟೆ ಸೊಪ್ಪು), ತಿಮರೆ (ಒಂದೆಲಗ), ಕೆಸುವಿನೆಲೆ ಅಡುಗೆಮನೆಗೆ ಬರುತ್ತದೆ. ಹೆಕ್ಕಿ ತರುವುದೂ ಹೊರಗಿನ ಹೊತ್ತೇ.

ಇಲ್ಲಿ ಮಾತ್ರ ಜಾಗ್ರತೆ ಬೇಕು. ಮಳೆಗಾಲದ ಕಡಲಿಗೆ ಇಳಿಯಲೇಬೇಡಿ. ನಿಂತ ಕೆಸರು ನೀರಿನಿಂದ ಇಲಿಜ್ವರ ಬರುತ್ತದೆ, ಕಾಲಿನಲ್ಲಿ ಗಾಯವಿದ್ದರೆ ಆ ನೀರು ತುಳಿಯಬೇಡಿ. ಗುಡುಗು ಕೇಳಿದ ಕೂಡಲೇ ಪದವು, ಗದ್ದೆ ಬಿಟ್ಟು ಕಟ್ಟಡದೊಳಗೆ ಬನ್ನಿ, ಮರದ ಕೆಳಗೆ ನಿಲ್ಲುವುದು ಬೇಡ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಕಷಾಯಕ್ಕೆಂದು ಹಾಲೆ ಮರದ ಕೆತ್ತೆ (ತೊಗಟೆ) ತರುವವರಿಗೆ ಮರದ ಗುರುತು ಸರಿಯಾಗಿ ಗೊತ್ತಿರಬೇಕು. ಕಾಸರಕದ ತೊಗಟೆ ವಿಷ, ಕತ್ತಲಲ್ಲಿ ತಪ್ಪು ಮರಕ್ಕೆ ಕೈ ಹಾಕಿದರೆ ಜೀವಕ್ಕೇ ಅಪಾಯ.

ಮಕ್ಕಳನ್ನೂ ಅಮ್ಮನನ್ನೂ ಕರೆದುಕೊಳ್ಳಿ

ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಮೂರು ವರ್ಷ ನಡೆದ ಒಂದು ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಆರು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟರು. ಆ ಶಾಲೆಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಸುಮಾರು 30 ಶೇಕಡಾ ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಸುಮಾರು 40 ಶೇಕಡಾ ಮಕ್ಕಳಿಗೆ. ಟ್ಯೂಷನ್‌ಗಿಂತ ಮೊದಲು ಅರ್ಧ ಗಂಟೆ ಹೊರಗೆ ಬಿಡಲು ಇದೊಂದೇ ಕಾರಣ ಸಾಕು.

ಹಿರಿಯರನ್ನು ಕರೆದುಕೊಂಡು ಹೋಗುವುದು ನಿಮ್ಮ ಲಾಭಕ್ಕೆ. ಕುಂಟಲ ಹಣ್ಣು ಯಾವುದು, ಕೇಪುಳ ಯಾವುದು, ಸುರಗಿ ಎಲ್ಲಿತ್ತು, ಎಲ್ಲ ಅವರ ತಲೆಯಲ್ಲಿದೆ. ನನ್ನ ಅಮ್ಮನಿಗೆ ಮೊಣಕಾಲು ನೋವು, ಇನ್ನೂರು ಹೆಜ್ಜೆಗೆ ಕೂರಬೇಕು. ಕೂತಲ್ಲೆಲ್ಲ ಒಂದು ಗಿಡದ ಹೆಸರು ಹೇಳುತ್ತಾರೆ.

ದಿನಕ್ಕೊಂದು ಸಾಲು

ಇನ್ನೂರು ಪುಟದ ನೋಟು ಪುಸ್ತಕ ಒಂದು ತನ್ನಿ. ತಾರೀಕು ಹಾಕಿ ಒಂದೇ ಸಾಲು, ಅದಕ್ಕಿಂತ ಜಾಸ್ತಿ ಬೇಡ. ಏನೂ ಕಾಣದ ದಿನ ‘ಏನೂ ಇಲ್ಲ’ ಎಂದೇ ಬರೆಯಿರಿ. ಒಂದು ವರ್ಷ ತುಂಬಿದ ಮೇಲೆ ಹಳೆಯ ಪುಟ ತೆಗೆದು ಇವತ್ತಿನ ಜತೆ ಹೋಲಿಸಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಆಸೆ ಇದ್ದರೆ ‘ಸೀಸನ್‌ವಾಚ್’ ಎಂಬ ಯೋಜನೆ ಇದೆ. ಒಂದು ಮರ ಗೊತ್ತುಮಾಡಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಗಮನಿಸಿ ಕಳಿಸುವುದು. ದೇಶದ ಬೇರೆ ಬೇರೆ ಕಡೆಯ ಶಾಲೆ ಮಕ್ಕಳು ಇದರಲ್ಲಿ ಇದ್ದಾರೆ. ಹಲಸು, ಮಾವು ಎಲ್ಲ ಅವರ ಪಟ್ಟಿಯಲ್ಲಿದೆ.

ನಮ್ಮ ಮನೆಯ ಪುಸ್ತಕ ಈಗ ಮಗಳ ಕೈಯಲ್ಲಿದೆ. ಈ ವಾರ ಅವಳು ಬರೆದ ಸಾಲು: “ರೆಂಜೆ ಇವತ್ತು ಶುರು. ಒಟ್ಟು 14 ಹೂ. ಒಂಬತ್ತು ಅಜ್ಜಿಗೆ ಕೊಟ್ಟೆ.”