ಪಡಸಾಲೆಗೆ ಗಿಳಿ ಹಸಿರು: ಡಬ್ಬಿ ತೆರೆಯುವ ಮುನ್ನ ಗೋಡೆ ನೋಡಿ

ಗಂಗಾವತಿ ಕಡೆಯ ಭತ್ತದ ಗದ್ದೆಯ ಹಸಿರು ಮನೆಯೊಳಗೂ ಬೇಕೆನಿಸಿದರೆ ಧೈರ್ಯವಾಗಿ ಬಳಿಯಿರಿ. ಆದರೆ ನಾಲ್ಕೂ ಗೋಡೆಗೆ ಬೇಡ, ಒಂದಕ್ಕೆ ಸಾಕು. ಕಡು ಹಸಿರಿನ ಛಾಯೆ ಪಕ್ಕದ ಗೋಡೆಗೂ ಕೂತವರ ಮುಖಕ್ಕೂ ಬೀಳುತ್ತದೆ. ಉಳಿದ ಮೂರು ಗೋಡೆ, ಮಾಳಿಗೆ ಬಿಳಿಯೇ ಇರಲಿ.

ಶೇಡ್ ಕಾರ್ಡ್‌ನ ಪುಟ್ಟ ಚೌಕದಲ್ಲಿ ಕಂಡದ್ದಕ್ಕಿಂತ ಗೋಡೆ ತುಂಬಿದ ಬಣ್ಣ ಗಾಢವಾಗಿ ಕಾಣುತ್ತದೆ. ಮೆಚ್ಚಿದ್ದಕ್ಕಿಂತ ಒಂದು ಶೇಡ್ ತಿಳಿಯಾದದ್ದನ್ನೇ ಕೇಳಿ. ಮೊದಲು ಚಿಕ್ಕ ಡಬ್ಬಿ ತಂದು ಎರಡು ಅಡಿ ಚೌಕ ಬಳಿದು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ದೀಪದಡಿ ನೋಡಿ. ಹಳದಿ ಬೆಳಕಿನ ಬಲ್ಬಿನಲ್ಲಿ ಹಸಿರು ಹಳದಿಗೆ ತಿರುಗುತ್ತದೆ, ಬಿಳಿ ಬೆಳಕಿನಲ್ಲಿ ನೀಲಿಗೆ.

ನಿಜವಾದ ಕೆಲಸವಿರುವುದು ಗೋಡೆ ಸಿದ್ಧಪಡಿಸುವುದರಲ್ಲಿ. ಅಂಗೈಯಿಂದ ಉಜ್ಜಿ ನೋಡಿ. ಬಿಳಿ ಹುಡಿ ಹತ್ತಿದರೆ ಅದು ಹಳೆಯ ಸುಣ್ಣ. ಅದರ ಮೇಲೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆ ಬಣ್ಣ) ನಿಲ್ಲುವುದಿಲ್ಲ, ಪದರ ಪದರವಾಗಿ ಏಳುತ್ತದೆ. ಪೂರ್ತಿ ಕೆರೆದು ತೆಗೆಯಿರಿ. ಬುಡದಲ್ಲಿ ಸವುಳು, ಅಂದರೆ ಬಿಳಿ ಉಪ್ಪು, ಎದ್ದಿದ್ದರೆ ಮೊದಲು ತೇವ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ನಿಲ್ಲಿಸಿ. ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿ ತೊಳೆದರೆ ಮತ್ತೆ ಒಳಗೇ ಇಳಿಯುತ್ತದೆ. ಸವುಳನ್ನು ಪುಟ್ಟಿಯಿಂದ (ಗೋಡೆ ನುಣುಪು ಮಾಡುವ ಲೇಪ) ಮುಚ್ಚುವುದು ದುಡ್ಡು ದಂಡ. ಹೊಸ ಗಿಲಾವು (ಪ್ಲಾಸ್ಟರ್) ಆಗಿದ್ದರೆ ಕನಿಷ್ಠ 28 ದಿನ ಬಿಡಿ.

ಒಂದು ಎಚ್ಚರಿಕೆ. ಹಳೆಯ ಗೋಡೆ, ಬಾಗಿಲುಗಳ ಆಯಿಲ್ ಪೇಂಟ್‌ನಲ್ಲಿ ಸೀಸ ಇರಬಹುದು. ಹಳದಿ, ಹಸಿರು ಬಣ್ಣಗಳಿಗೆ ಹಿಂದೆ ಸೀಸದ ಸಂಯುಕ್ತಗಳನ್ನೇ ಬೆರೆಸುತ್ತಿದ್ದರು. ನಮ್ಮಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದು 2017ರಲ್ಲಿ. ಅಂಥದ್ದನ್ನು ಒಣಗಿದಂತೆಯೇ ಉಜ್ಜಬೇಡಿ. ಮಾಸ್ಕ್ ಹಾಕಿಕೊಂಡು, ನೀರು ಹಚ್ಚಿ ಕೆರೆಯಿರಿ. ಮಕ್ಕಳು, ಬಸುರಿಯರು ಆ ಕೋಣೆಯಲ್ಲಿ ಇರಬಾರದು.

ಆಮೇಲೆ ಎರಡು ಕೋಟ್ ಪುಟ್ಟಿ, ಒಣಗಿದ ಮೇಲೆ ಸ್ಯಾಂಡ್ ಪೇಪರ್, ಧೂಳು ಒರೆಸಿ ಒಂದು ಕೋಟ್ ಪ್ರೈಮರ್ (ಬಣ್ಣದಡಿಗೆ ಹಚ್ಚುವ ಬಿಳಿ ಲೇಪ). ಇಲ್ಲೊಂದು ಉಪಾಯವಿದೆ: ಹಳದಿ ಬೆರೆತ ಹಸಿರಿಗೆ ಮುಚ್ಚುವ ಶಕ್ತಿ ಕಡಿಮೆ, ಎರಡು ಕೋಟ್‌ಗೂ ಕೆಳಗಿನ ಬಿಳಿ ಇಣುಕಬಹುದು. ಪ್ರೈಮರ್‌ಗೇ ಸ್ವಲ್ಪ ಹಸಿರು ಬೆರೆಸಿಕೊಡಲು ಅಂಗಡಿಯವರಿಗೆ ಹೇಳಿದರೆ ಮೂರನೇ ಕೋಟ್ ಬೇಕಾಗುವುದಿಲ್ಲ.

12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ ಎರಡು ಕೋಟ್ ಹೊಡೆಯಲು ಸುಮಾರು 2 ಲೀಟರ್ ಬೇಕು. ಎರಡು ಡಬ್ಬಿ ತಂದಿದ್ದರೆ ಒಂದೇ ಬಕೆಟ್‌ಗೆ ಸುರಿದು ಕಲಸಿಕೊಳ್ಳಿ, ಬಣ್ಣದಲ್ಲಿ ಎಳೆಯಷ್ಟೂ ವ್ಯತ್ಯಾಸ ಬರಬಾರದು. ಅಂಚುಗಳನ್ನು ಬ್ರಷ್‌ನಿಂದ ಮುಗಿಸಿ ರೋಲರ್ ಹಿಡಿಯಿರಿ. ಮೇಲಿನಿಂದ ಕೆಳಗೆ, ಹಿಂದಿನ ಪಟ್ಟಿ ಹಸಿಯಿರುವಾಗಲೇ ಮುಂದಿನದು. ಕೊಪ್ಪಳದ ಏಪ್ರಿಲ್ ಬಿಸಿಲಿನಲ್ಲಿ ಬಣ್ಣ ಬಲು ಬೇಗ ಆರಿ ಪಟ್ಟಿಪಟ್ಟಿ ಕಲೆ ಬೀಳುತ್ತದೆ. ಬೆಳಗಿನ ಹೊತ್ತಿಗೇ ಮುಗಿಸಿ, ಆವರೆಗೆ ಫ್ಯಾನ್ ಬಂದ್. ಎರಡು ಕೋಟ್‌ಗಳ ನಡುವೆ ನಾಲ್ಕು ಗಂಟೆಯಾದರೂ ಬಿಡಿ.

ನೆಲಕ್ಕೆ ಶಹಾಬಾದ್ ಫರಸಿ ಇದ್ದರೆ ಅದರ ಬೂದು ಬಣ್ಣ ಈ ಹಸಿರಿಗೆ ತುಂಬ ಒಪ್ಪುತ್ತದೆ. ಗೋಡೆಯ ಮುಂದೆ ಕಿನ್ನಾಳದ ಕೆಂಪು, ಹಳದಿ ಗೊಂಬೆ ಒಂದೆರಡು ಸಾಕು. ಪರದೆ ಮಾತ್ರ ಹಸಿರು ಬೇಡ.

ಉಳಿದ ಬಣ್ಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಮೇಲೆ ಶೇಡ್ ನಂಬರ್ ಬರೆದಿಡಿ. ಕುರ್ಚಿ ತಾಗಿ ಗೀರು ಬಿದ್ದಾಗ ಬೇಕಾಗುತ್ತದೆ.