ನಿರ್ಣಯ ಓದುವಾಗ ಮೊದಲು ಕ್ರಿಯಾಪದ ಹುಡುಕಿ

ಪಿಯುಸಿ ಮಕ್ಕಳನ್ನು ಅಣಕು ಸಂಸತ್ತಿಗೆ ತಯಾರು ಮಾಡುವಾಗ ನಾನು ಮೊದಲು ಕೈಗೊಂದು ಕೆಂಪು ಪೆನ್ನು ಕೊಡುತ್ತೇನೆ. ನಿರ್ಣಯ ಅಂದ್ರೆ ಸದನ ಒಂದು ವಿಷಯದ ಬಗ್ಗೆ ತನ್ನ ನಿಲುವು ಹೇಳಿ ಅಂಗೀಕರಿಸುವ ಹೇಳಿಕೆ; ಅದರ ಕ್ರಿಯಾಪದ ಹುಡುಕಿ, ಅಡಿಗೆರೆ ಎಳೆಯಿರಿ. ಜಗಳವೆಲ್ಲ ಅಲ್ಲೇ ಇರುತ್ತದೆ.

2003ರ ಏಪ್ರಿಲ್ 8ರಂದು ಲೋಕಸಭೆ ಇರಾಕ್ ಯುದ್ಧದ ಬಗ್ಗೆ ಒಮ್ಮತದ ನಿರ್ಣಯ ಮಾಡಿತು. ವಿರೋಧ ಪಕ್ಷಗಳಿಗೆ ಖಡಕ್ ಖಂಡನೆ ಬೇಕಿತ್ತು. ಸರ್ಕಾರಕ್ಕೆ ಅಷ್ಟು ಖಾರ ಬೇಡವಾಗಿತ್ತು. ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದದ್ದು ಹಿಂದಿಯ ‘ನಿಂದಾ’. ಅದನ್ನು ಖಂಡನೆ ಅಂತಲೂ ಓದಬಹುದು, ಸ್ವಲ್ಪ ಮೆತ್ತಗೆ ಇಂಗ್ಲಿಷಿನ ‘ಡಿಪ್ಲೋರ್’ (ತೀವ್ರ ವಿಷಾದ) ಅಂತಲೂ ಓದಬಹುದು. ಜಾಣತನ, ಅಲ್ವಾ?

ಆಮೇಲೆ ಮಾತು ಯಾರಿಗೆ ಅಂತ ನೋಡಿ. 2011ರಲ್ಲಿ ತಮಿಳುನಾಡು ವಿಧಾನಸಭೆ ಶ್ರೀಲಂಕಾ ಮೇಲೆ ಆರ್ಥಿಕ ನಿರ್ಬಂಧ ಕೇಳಿತು. ಕೇಳಿದ್ದು ದೆಹಲಿಯನ್ನು. ವಿದೇಶಾಂಗ ವ್ಯವಹಾರ ಕೇಂದ್ರದ ಪಟ್ಟಿಯಲ್ಲಿದೆ, ರಾಜ್ಯ ಒತ್ತಾಯಿಸಬಹುದು ಅಷ್ಟೇ.

‘ಹಾಗಾದ್ರೆ ಸುಮ್ನೆ ಕಾಗದ ತಾನೇ ಸಾರ್?’ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಅದಕ್ಕೆ ಎದುರಿನವರ ಮುಖ ನೋಡಬೇಕು. 2019ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಮೊದಲ ಮಹಾಯುದ್ಧದ ಕಾಲದಲ್ಲಿ ಒಟ್ಟೋಮನ್ ಟರ್ಕಿಯಲ್ಲಿ ನಡೆದ ಅರ್ಮೇನಿಯನ್ನರ ಹತ್ಯೆಯನ್ನು ನರಮೇಧವೆಂದು ಗುರುತಿಸಿ 405–11 ಮತಗಳಿಂದ ನಿರ್ಣಯ ಮಾಡಿತು. ಅದು ಕಾನೂನಲ್ಲ, ಅಧ್ಯಕ್ಷರ ಸಹಿಯೂ ಬೇಕಿಲ್ಲ. ಆದರೂ ಟರ್ಕಿ ಮರುದಿನವೇ ಅಮೆರಿಕದ ರಾಯಭಾರಿಯನ್ನು ಕರೆಸಿ ಪ್ರತಿಭಟಿಸಿತು.