ಫಾರ್ಮ್ಯಾಟ್ ಹೊಡೆಯುವುದಕ್ಕೆ ಮುಂಚೆ: ರ‍್ಯಾನ್ಸಮ್‌ವೇರ್ ಹೊಕ್ಕ ಮನೆ ಕಂಪ್ಯೂಟರ್

ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಪ್ರೋಗ್ರಾಮಿಗೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಮೈಸೂರು, ಮಂಡ್ಯ ಕಡೆಯ ಮನೆಗಳಲ್ಲಿ ನಾನು ನೋಡಿರುವ ರ‍್ಯಾನ್ಸಮ್‌ವೇರ್ ಕೇಸುಗಳಲ್ಲಿ ಬಹುಪಾಲು ಒಂದೇ ಜಾತಿಯವು: ಸ್ಟಾಪ್ ಅಥವಾ ಡಿಜೆವಿಯು ಎಂಬ ಕುಟುಂಬ. ಆಸ್ಪತ್ರೆ, ಫ್ಯಾಕ್ಟರಿಗಳಿಗೆ ನುಗ್ಗುವ ದೊಡ್ಡ ಗ್ಯಾಂಗುಗಳ ಸರಕಲ್ಲ ಇದು. ಮನೆಯಲ್ಲೇ ಲಗ್ನಪತ್ರಿಕೆ, ಫ್ಲೆಕ್ಸ್ ಡಿಸೈನ್ ಮಾಡುವವರು, ಕಾಲೇಜು ಹುಡುಗರು ಫೋಟೋಶಾಪಿನ ಕ್ರ್ಯಾಕ್, ಆಫೀಸಿನ ಆಕ್ಟಿವೇಟರ್ ಹುಡುಕಿ ಇಳಿಸಿಕೊಳ್ಳುತ್ತಾರಲ್ಲ, ಅದರ ಬೆನ್ನಿಗೇ ಬರುತ್ತದೆ. ‘ಇನ್‌ಸ್ಟಾಲ್ ಮಾಡುವ ಮುಂಚೆ ಆ್ಯಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆಯೂ ಜೊತೆಗಿರುತ್ತದೆ. ಆಫ್ ಮಾಡಿಯೂ ಇರುತ್ತಾರೆ. ಆಮೇಲೆ ಸಿಪಿಯು ಹೊತ್ತು ತಂದು ‘ಫಾರ್ಮ್ಯಾಟ್ ಹೊಡ್ದು ಕೊಟ್ಬಿಡಿ ಸಾರ್’ ಅನ್ನುತ್ತಾರೆ. ಹೊಡೆಯಬೇಕು, ನಿಜ. ಆದರೆ ಅದು ಕೊನೆಯ ಕೆಲಸ. ಮೊದಲೇ ಹೊಡೆದರೆ ವಾಪಸ್ ಬರಬಹುದಾಗಿದ್ದ ಫೈಲುಗಳೂ ಹೋಗುತ್ತವೆ.

ಗುರುತು ಸುಲಭ. ಫೋಟೊಗಳ ಐಕಾನ್ ಬಿಳಿ ಹಾಳೆಯಂತಾಗಿರುತ್ತದೆ, ಪ್ರತಿ ಫೈಲಿನ ಹೆಸರಿಗೆ ನಾಲ್ಕು ಅಕ್ಷರದ ಹೊಸ ಬಾಲ ಅಂಟಿರುತ್ತದೆ, ಫೋಲ್ಡರ್ ಫೋಲ್ಡರಿನಲ್ಲೂ ‘ರೀಡ್‌ಮಿ’ ಎಂಬ ಟೆಕ್ಸ್ಟ್ ಫೈಲ್ ಕೂತಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ 980 ಡಾಲರ್ ಕೇಳಿ, 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧ, ಅಂದರೆ 490 ಡಾಲರ್ ಎಂದು ಬರೆದಿರುತ್ತಾರೆ. ಕೊನೆಯಲ್ಲಿ ಒಂದು ಉದ್ದನೆಯ ಪರ್ಸನಲ್ ಐಡಿ. ವಿಂಡೋಸ್ ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ, ಏಕೆಂದರೆ ಅದು ವಿಂಡೋಸ್ ಫೋಲ್ಡರನ್ನು ಬೇಕೆಂದೇ ಮುಟ್ಟುವುದಿಲ್ಲ. ಚೀಟಿ ಓದಲು, ಹಣ ಕಟ್ಟಲು ಕಂಪ್ಯೂಟರ್ ನಡೆಯಬೇಕಲ್ಲ.

ಫೈಲುಗಳಿಗೆ ಬೀಗ ಹಾಕುವ ಹೊತ್ತಿನಲ್ಲಿ ಈ ಜಾತಿ ಕೆಲವೊಮ್ಮೆ ‘ವಿಂಡೋಸ್ ಅಪ್‌ಡೇಟ್’ ಎಂಬ ಸುಳ್ಳು ಕಿಟಕಿ ತೋರಿಸುತ್ತದೆ. ಅಸಲಿ ಅಪ್‌ಡೇಟ್ ಸೆಟ್ಟಿಂಗ್ಸ್ ಒಳಗೆ ಅಥವಾ ಶಟ್‌ಡೌನ್ ಸಮಯದ ಪೂರ್ತಿ ಪರದೆಯಲ್ಲಿ ಕಾಣುತ್ತದೆಯೇ ಹೊರತು ಡೆಸ್ಕ್‌ಟಾಪಿನ ಮಧ್ಯೆ ಪುಟ್ಟ ಪೆಟ್ಟಿಗೆಯಾಗಿ ಬರುವುದಿಲ್ಲ. ಅಂಥದ್ದು ಕಂಡು, ಹಾರ್ಡ್ ಡಿಸ್ಕ್ ಲೈಟು ಬಿಡದೆ ಮಿನುಗುತ್ತಿದ್ದರೆ ಯೋಚಿಸುತ್ತ ಕೂರಬೇಡಿ. ಪವರ್ ಬಟನ್ ಒತ್ತಿಹಿಡಿದು ಆರಿಸಿ. ಇನ್ನೂ ಬೀಗ ಬೀಳದ ಫೈಲುಗಳಾದರೂ ಉಳಿಯುತ್ತವೆ.

ಬೀಗವೆಲ್ಲ ಬಿದ್ದು ಮುಗಿದಿದ್ದರೆ ರೂಟರಿನ ವೈರ್ ಕಿತ್ತು, ಪೆನ್‌ಡ್ರೈವ್, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತೆಗೆದು, ಆಮೇಲೆ ಆರಿಸಿ. ಈ ಪ್ರೋಗ್ರಾಂ ವಿಂಡೋಸಿನ ಟಾಸ್ಕ್ ಶೆಡ್ಯೂಲರಿನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ನಡೆಸುವ ಪಟ್ಟಿ) ‘ಟೈಮ್ ಟ್ರಿಗರ್ ಟಾಸ್ಕ್’ ಎಂಬ ಹೆಸರಿನಲ್ಲಿ ಒಂದು ಕೆಲಸ ಬರೆಸಿಟ್ಟು, ಕೆಲವು ನಿಮಿಷಕ್ಕೊಮ್ಮೆ ಮತ್ತೆ ಎದ್ದು ನೋಡುತ್ತದೆ. ‘ಇರೋದನ್ನಾದ್ರೂ ಕಾಪಿ ಮಾಡಿಕೊಳ್ಳೋಣ’ ಎಂದು ಅದೇ ವಿಂಡೋಸ್‌ಗೆ ಒಳ್ಳೆಯ ಪೆನ್‌ಡ್ರೈವ್ ಚುಚ್ಚಿದರೆ ಅದಕ್ಕೂ ಬೀಗ. ಒಂದೇ ಫೈಲಿಗೆ ಎರಡು ಬಾಲ ಕಂಡರೆ ಬೀಗ ಎರಡು ಸಲ ಬಿದ್ದಿದೆ ಎಂದರ್ಥ. ಬಿಡಿಸುವಾಗಲೂ ಹೊರಗಿನದು ಮೊದಲು, ಒಳಗಿನದು ಆಮೇಲೆ. ಬಾಲ ಅಳಿಸಿ ಹೆಸರು ಸರಿಮಾಡಿದರೆ ಫೈಲ್ ತೆರೆಯುತ್ತದೆ ಎಂದು ಸಾಲಾಗಿ ರೀನೇಮ್ ಮಾಡುವವರಿದ್ದಾರೆ. ಪ್ರಯೋಜನವಿಲ್ಲ, ಗುರುತು ಹಿಡಿಯುವುದೂ ಕಷ್ಟವಾಗುತ್ತದೆ.

ಮುಂದಿನದು ಹಳೆಯ ಡಿಸ್ಕನ್ನು ಇದ್ದಂತೆಯೇ ಉಳಿಸಿಕೊಳ್ಳುವುದು. ಡೆಸ್ಕ್‌ಟಾಪ್ ಆದರೆ ನಾನು ಸುತ್ತಿ ಬಳಸಿ ಹೋಗುವುದಿಲ್ಲ: ಹಳೆಯ ಹಾರ್ಡ್ ಡಿಸ್ಕ್ ಬಿಚ್ಚಿ, ದಿನಾಂಕ ಬರೆದ ಚೀಟಿ ಅಂಟಿಸಿ ಪಕ್ಕಕ್ಕಿಟ್ಟು, ಹೊಸ ಎಸ್‌ಎಸ್‌ಡಿ ಹಾಕುತ್ತೇನೆ. ಕಂಪ್ಯೂಟರ್ ಚುರುಕಾಗುತ್ತದೆ, ಹಳೆಯ ಡೇಟಾ ಹಾಗೇ ಉಳಿಯುತ್ತದೆ, ಪೊಲೀಸ್ ದೂರು ಕೊಡುವುದಾದರೆ ಮೂಲ ಸಾಕ್ಷ್ಯವೂ ಕೈಲಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ತೆಗೆಯಲು ಆಗದಿದ್ದರೆ ಬೇರೆ ಕಂಪ್ಯೂಟರಿನಲ್ಲಿ 8 ಜಿಬಿ ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್ (ವಿಂಡೋಸ್ ಬದಲಿಗೆ ನಡೆಯುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿಕೊಂಡು, ಅದರಿಂದ ಬೂಟ್ ಮಾಡಿ, ಫೈಲುಗಳನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ಎಳೆಯುತ್ತೇನೆ. ಲಿನಕ್ಸಿನಲ್ಲಿ ಈ ವಿಂಡೋಸ್ ಪ್ರೋಗ್ರಾಂ ತಾನಾಗಿ ಏಳುವುದಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ (ಬೇಗ ಏಳುವ ಸೌಲಭ್ಯ) ಆನ್ ಇದ್ದ ಡಿಸ್ಕನ್ನು ಲಿನಕ್ಸ್ ‘ಓದಲು ಮಾತ್ರ’ ಎಂದು ತೆರೆಯಬಹುದು. ಗಾಬರಿ ಬೇಡ, ನಮಗೆ ಬೇಕಿರುವುದೂ ಅದೇ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸೇ ಹಾಕುವ ಬೀಗ) ಇದ್ದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ, ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಸಿಗುತ್ತದೆ.

ಸಮಯದ ಅಂದಾಜು: ಹಳೆಯ ಸಿಪಿಯುಗಳ ಮುಂದಿನ ಪೋರ್ಟುಗಳು ಯುಎಸ್‌ಬಿ 2.0. ಸೆಕೆಂಡಿಗೆ 30 ಎಂಬಿ ಹೋದರೆ 500 ಜಿಬಿಗೆ ನಾಲ್ಕೂವರೆ ಗಂಟೆ ಮೀರುತ್ತದೆ. ಹಿಂದೆ ನೀಲಿ ಬಣ್ಣದ ಪೋರ್ಟ್ ಇದ್ದರೆ ಎರಡು ಗಂಟೆ ಆಸುಪಾಸು. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ, ಹಾಗಾಗಿ ಯುಪಿಎಸ್ ಇರುವ ಕಡೆಯೇ ಈ ಕೆಲಸ. ಹಾರ್ಡ್ ಡಿಸ್ಕ್ ಆದರೆ ಬರೀ ಫೈಲ್ ಕಾಪಿ ಸಾಲದು, ಡಿಡಿ-ರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ಇಮೇಜ್, ಅಂದರೆ ಖಾಲಿ ಜಾಗವೂ ಸೇರಿದ ಪಡಿಯಚ್ಚು ತೆಗೆಯಿರಿ. ಅಳಿಸಿಹೋದ ಫೈಲಿನ ಚೂರುಗಳು ಖಾಲಿ ಜಾಗದಲ್ಲಿ ಇರುತ್ತವೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಆಗಲೇ ಒರೆಸಿರುತ್ತದೆ, ಅಲ್ಲಿ ಫೈಲ್ ಕಾಪಿಯೇ ಸಾಕು. ರೀಡ್‌ಮಿ ಚೀಟಿಯ ಜೊತೆಗೆ ಸಿ ಡ್ರೈವಿನ ‘ಸಿಸ್ಟಮ್‌ಐಡಿ’ ಫೋಲ್ಡರನ್ನೂ ಮರೆಯದೆ ತೆಗೆದಿಡಿ. ಅದರೊಳಗಿನ ‘ಪರ್ಸನಲ್‌ಐಡಿ’ ಫೈಲಿನಲ್ಲಿ ಬಳಕೆಯಾದ ಐಡಿಗಳು ಇರುತ್ತವೆ, ಒಂದಕ್ಕಿಂತ ಹೆಚ್ಚೂ ಇರಬಹುದು.

ಜಾತಿ ಖಚಿತ ಮಾಡಿಕೊಳ್ಳಲು ಬೇರೆ ಕಂಪ್ಯೂಟರಿನಿಂದ ‘ಐಡಿ ರ‍್ಯಾನ್ಸಮ್‌ವೇರ್’ ತಾಣಕ್ಕೆ ಚೀಟಿಯನ್ನೂ ಬೀಗ ಬಿದ್ದ ಒಂದು ಫೈಲನ್ನೂ ಹಾಕಿ. ಆಧಾರ್, ಬ್ಯಾಂಕ್ ಕಾಗದದ ಸ್ಕ್ಯಾನ್ ಹಾಕಬೇಡಿ, ಯಾವುದೋ ಹೂವಿನ ಫೋಟೊ ಸಾಕು. ಡಚ್ ಪೊಲೀಸರು, ಯುರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರಲ್ಲಿ ಶುರುಮಾಡಿದ ‘ನೋ ಮೋರ್ ರ‍್ಯಾನ್ಸಮ್’ ತಾಣವೂ ಇದೇ ಕೆಲಸ ಮಾಡುತ್ತದೆ. ಬೀಗ ಬಿಡಿಸುವ ಉಚಿತ ಟೂಲುಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಸೋಂಕಿನ ಕಂಪ್ಯೂಟರಿನಲ್ಲಿ ಇಂಥ ತಾಣಗಳು ತೆರೆಯದಿದ್ದರೆ ನೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ತಾಣಗಳ ವಿಳಾಸಕ್ಕೆ ವಿಂಡೋಸ್ ಮೊದಲು ನೋಡುವ ಹೋಸ್ಟ್ಸ್ ಫೈಲನ್ನು ಡಿಜೆವಿಯು ತಿದ್ದಿ ಅವುಗಳ ದಾರಿ ಮುಚ್ಚುತ್ತದೆ.

ಡಿಜೆವಿಯು ಎಂದು ಗೊತ್ತಾದ ಮೇಲೆ ಎಲ್ಲ ನಿಂತಿರುವುದು ಆ ಪರ್ಸನಲ್ ಐಡಿಯ ಕೊನೆಯ ಎರಡು ಅಕ್ಷರದ ಮೇಲೆ. ಬೀಗ ಹಾಕುವಾಗ ಪ್ರೋಗ್ರಾಂ ತನ್ನ ಸರ್ವರ್‌ನಿಂದ ಆ ಕಂಪ್ಯೂಟರಿಗೆಂದೇ ಒಂದು ಕೀ ತರಿಸಿಕೊಳ್ಳುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಒಂದು ಕೀ ಬಳಸುತ್ತದೆ; ಇದು ಆಫ್‌ಲೈನ್ ಕೀ, ಆ ಆವೃತ್ತಿಗೆ ಹಾಗೆ ಸಿಕ್ಕಿಬಿದ್ದ ಎಲ್ಲರಿಗೂ ಇದೇ. ಐಡಿ ಇಂಗ್ಲಿಷಿನ ಸಣ್ಣ ‘ಟಿ’ ಮತ್ತು ‘1’ರಲ್ಲಿ ಮುಗಿದರೆ ಆಫ್‌ಲೈನ್ ಕೀ ಎಂದು ಲೆಕ್ಕ. ಅಂಥ ಕೀ ಒಂದು ಸಲ ಯಾರಿಂದಲಾದರೂ ಸಿಕ್ಕಿದರೆ ಬೀಗ ಬಿಡಿಸುವ ಉಚಿತ ಟೂಲ್ ಆದ ಎಮ್ಸಿಸಾಫ್ಟ್‌ನ ಸ್ಟಾಪ್ ಡಿಜೆವಿಯು ಡಿಕ್ರಿಪ್ಟರ್‌ಗೆ ಸೇರುತ್ತದೆ, ಉಳಿದವರಿಗೂ ಬೀಗ ಬಿಡುತ್ತದೆ. ಈ ಟೂಲ್ ನಡೆಯುವಾಗ ಇಂಟರ್ನೆಟ್ ಬೇಕು. ಡೇಟಾದ ಪ್ರತಿಯನ್ನು ಶುದ್ಧವಾದ ಕಂಪ್ಯೂಟರಿಗೆ ಹಚ್ಚಿ, ಮೊದಲು ಒಂದೇ ಫೋಲ್ಡರ್ ಕೊಟ್ಟು ನೋಡಿ. ಬೀಗ ಬಿಟ್ಟ ಫೈಲುಗಳು ಪಕ್ಕದಲ್ಲೇ ಹೊಸದಾಗಿ ಬರುವುದರಿಂದ ಅಷ್ಟೇ ಖಾಲಿ ಜಾಗವೂ ಇರಬೇಕು. ಆನ್‌ಲೈನ್ ಐಡಿ ಎಂದು ಬಂದರೆ ಈ ದಾರಿ ಮುಗಿಯಿತು. 2019ರ ಆಗಸ್ಟ್‌ನಿಂದ ಈಚಿನ ಆವೃತ್ತಿಗಳು ಆರ್‌ಎಸ್‌ಎ ಬೀಗವನ್ನು ಸರಿಯಾಗಿ ಬಳಸುತ್ತವೆ. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾವ ಅಂಗಡಿಯೂ ಅದನ್ನು ಒಡೆಯಲಾರದು. ‘ನೂರಕ್ಕೆ ನೂರು ಗ್ಯಾರಂಟಿ, ಅಡ್ವಾನ್ಸ್ ಹಾಕಿ’ ಅನ್ನುವವರು ಒಂದೋ ಮೋಸಗಾರರು, ಇಲ್ಲವೇ ಅದೇ ಕಳ್ಳರಿಗೆ ಹಣ ಕಟ್ಟಿ ತಮ್ಮ ಕಮಿಷನ್ ಸೇರಿಸುವವರು.

ಇಷ್ಟಕ್ಕೇ ಕೈ ಚೆಲ್ಲುವವರೇ ಹೆಚ್ಚು. ಆದರೆ ಈ ಜಾತಿಯ ಒಂದು ಸ್ವಭಾವ ನಮಗೆ ಅನುಕೂಲ. ಬೇಗ ಕೆಲಸ ಮುಗಿಸುವ ಆತುರದಲ್ಲಿ ಅದು ಇಡೀ ಫೈಲಿಗೆ ಬೀಗ ಹಾಕುವುದಿಲ್ಲ. ಒಂದು 4 ಎಂಬಿ ಫೋಟೊವನ್ನು ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತೋರಿಸುವ ಪ್ರೋಗ್ರಾಂ) ತೆರೆಯಿರಿ: ಮೊದಲ 5 ಬೈಟ್ ಹಾಗೇ ಇವೆ, ಎಫ್‌ಎಫ್ ಡಿ8 ಎಂಬ ಜೆಪೆಗ್ ಗುರುತು ಕಾಣುತ್ತದೆ. ಅಲ್ಲಿಂದ 153,600 ಬೈಟ್, ಅಂದರೆ 150 ಕೆಬಿ, ಕಲಸುಮೇಲೋಗರ. ಅದರಾಚೆಗೆ ಫೈಲಿನ ಕೊನೆಯವರೆಗೂ ಅಸಲಿ ಡೇಟಾ. ತೀರಾ ಕೊನೆಯಲ್ಲಿ ಅದು ಅಂಟಿಸಿದ ಐಡಿ. ಹಾಗಾಗಿ ಫೈಲ್ ದೊಡ್ಡದಿದ್ದಷ್ಟೂ ಆಸೆ ಹೆಚ್ಚು.

ವಿಡಿಯೊಗಳಿಗೆ ಇದರಿಂದ ಬಹಳ ಲಾಭ. ಮೊಬೈಲಿನಲ್ಲಿ ತೆಗೆದ ಎಂಪಿ4 ಫೈಲಿನಲ್ಲಿ ಇಂಡೆಕ್ಸ್ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ, ಅಂದರೆ ಉಳಿದಿರುತ್ತದೆ. ಡಿಸ್ಕ್‌ಟ್ಯೂನಾದವರ ‘ಮೀಡಿಯಾ ರಿಪೇರ್’ ಎಂಬ ಉಚಿತ ಟೂಲಿಗೆ ಹಾಳಾದ ಫೈಲನ್ನೂ, ಅದೇ ಫೋನಿನಲ್ಲಿ ಅದೇ ಸೆಟ್ಟಿಂಗಿನಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೊವನ್ನೂ ಕೊಡಬೇಕು. ಫೋನ್ ಇನ್ನೂ ಮನೆಯಲ್ಲಿದ್ದರೆ ಈಗಲೇ ಹತ್ತು ಸೆಕೆಂಡು ತೆಗೆದು ಕೊಡಿ. 1080ಪಿ ವಿಡಿಯೊ ಸೆಕೆಂಡಿಗೆ ಸುಮಾರು 2 ಎಂಬಿ ತಿನ್ನುತ್ತದೆ, ಹಾಗಾಗಿ ಹೋದ 150 ಕೆಬಿಯಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಮದುವೆ ವಿಡಿಯೊ, ದಸರಾ ಮೆರವಣಿಗೆ ಇಂಥವು ಹೀಗೆ ಎದ್ದು ಬರುತ್ತವೆ. ಮಾದರಿ ವಿಡಿಯೊ ಬೇರೆ ಫೋನಿನದಾದರೆ ಚಿತ್ರ ಹಸಿರು ಗುಲಾಬಿ ಚೌಕಗಳಾಗಿ ಒಡೆಯುತ್ತದೆ. ಟೂಲಿನ ತಪ್ಪಲ್ಲ ಅದು.

ಫೋಟೊ ಇಷ್ಟು ಸುಲಭವಲ್ಲ. ಜೆಪೆಗ್‌ನ ಅಳತೆ, ಬಣ್ಣದ ಕೋಷ್ಟಕ ಎಲ್ಲ ಆ ಮೊದಲ ಭಾಗದಲ್ಲೇ ಇರುತ್ತವೆ. ಅದೇ ಕ್ಯಾಮೆರಾ, ಅದೇ ರೆಸಲ್ಯೂಷನ್, ಅದೇ ಕ್ವಾಲಿಟಿಯ ಬೇರೊಂದು ಫೋಟೊದ ತಲೆಯನ್ನು ಇದಕ್ಕೆ ಜೋಡಿಸಬೇಕು. ಮೇಲಿನ ಒಂದು ಪಟ್ಟಿ ಹೋಗುತ್ತದೆ, ಉಳಿದದ್ದು ಅಡ್ಡಕ್ಕೆ ಸರಿದು ಬಣ್ಣ ಕೆಟ್ಟಿರುತ್ತದೆ. ಜೆಪೆಗ್ ಪ್ರತಿ ಚೌಕದ ಬಣ್ಣವನ್ನು ಹಿಂದಿನ ಚೌಕಕ್ಕಿಂತ ಎಷ್ಟು ವ್ಯತ್ಯಾಸ ಎಂದು ಬರೆದಿಡುತ್ತದೆ, ಸರಪಳಿಯ ಮೊದಲ ಕೊಂಡಿಯೇ ಇಲ್ಲದಾಗ ಲೆಕ್ಕ ತಪ್ಪುತ್ತದೆ. ಕೈಯಲ್ಲಿ ಸರಿಸಿ, ಬಣ್ಣ ತಿದ್ದಬೇಕು. ಒಂದೊಂದು ಫೋಟೊಗೂ ಹೊತ್ತು ಹಿಡಿಯುತ್ತದೆ, ಬಹಳ ಮುಖ್ಯವಾದವಕ್ಕಷ್ಟೇ ಮಾಡಿ. ಡಿಎಸ್‌ಎಲ್‌ಆರ್‌ನ ರಾ ಫೈಲುಗಳಿದ್ದರೆ ಬೇರೆ ಮಾತು: ಅವುಗಳ ಒಳಗೆ ಪ್ರಿವ್ಯೂಗೆಂದು ಒಂದು ಜೆಪೆಗ್ ಇರುತ್ತದೆ, ಅದು 150 ಕೆಬಿಯ ಗಡಿಯಾಚೆ ಇದ್ದರೆ ಫೋಟೋರೆಕ್ ಎಂಬ ಉಚಿತ ರಿಕವರಿ ಟೂಲ್ ಅದನ್ನು ಇಡಿಯಾಗಿ ಹೊರತೆಗೆಯುತ್ತದೆ. ಜಿಪ್ ಫೈಲಿನ ಪಟ್ಟಿ ಕೊನೆಯಲ್ಲಿರುವುದರಿಂದ 7-ಜಿಪ್‌ನಲ್ಲಿ ತೆರೆದು, ಮೊದಲಿನ ಒಂದೆರಡು ಬಿಟ್ಟು ಉಳಿದವನ್ನು ಬಿಡಿಸಿಕೊಳ್ಳಬಹುದು. ನುಡಿಯಲ್ಲಿ ಟೈಪ್ ಮಾಡಿದ ಪತ್ರ, ವರ್ಡ್, ಎಕ್ಸೆಲ್, ವಾಟ್ಸಾಪ್ ಫೋಟೊ ಇವೆಲ್ಲ 150 ಕೆಬಿಗಿಂತ ಚಿಕ್ಕವು ಅಥವಾ ಅದರ ಆಸುಪಾಸಿನವು. ಅವು ಹೋದಂತೆಯೇ.

ಹೋದವುಗಳ ಇನ್ನೊಂದು ಪ್ರತಿ ಮನೆಯಲ್ಲೇ ಎಲ್ಲಾದರೂ ಇರುತ್ತದೆ. ಜೆರಾಕ್ಸ್ ಅಂಗಡಿಗೆ ಮೇಲ್ ಮಾಡಿದ ಪಿಡಿಎಫ್ ಜಿಮೇಲಿನ ಸೆಂಟ್ ಫೋಲ್ಡರಿನಲ್ಲಿ, ನೆಂಟರಿಗೆ ಕಳಿಸಿದ ಫೋಟೊ ಅವರ ವಾಟ್ಸಾಪಿನಲ್ಲಿ. ಗೂಗಲ್ ಡ್ರೈವ್ ಸಿಂಕ್ ಇದ್ದು ಅಲ್ಲಿಗೂ ಬೀಗದ ಫೈಲ್ ಹೋಗಿದ್ದರೆ 30 ದಿನದೊಳಗೆ ಹಳೆಯ ಆವೃತ್ತಿ, ಟ್ರ್ಯಾಶ್ ಎರಡನ್ನೂ ನೋಡಿ. ನಾನು ತಪ್ಪದೆ ಕೇಳುವುದು ಕ್ಯಾಮೆರಾದ ಹಳೆಯ ಮೆಮೊರಿ ಕಾರ್ಡನ್ನು. ಫೋಟೊ ಅಳಿಸಿ ಡ್ರಾಯರಿಗೆ ಎಸೆದ ಕಾರ್ಡಿನ ಮೇಲೆ ಫೋಟೋರೆಕ್ ಓಡಿಸಿದರೆ, ಕಾರ್ಡಿಗೆ ಮತ್ತೆ ಏನೂ ಬರೆದಿಲ್ಲದಿದ್ದರೆ, ಫೋಟೊಗಳು ಪೂರ್ತಿ ಗುಣಮಟ್ಟದಲ್ಲೇ ಬರುತ್ತವೆ. ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು, ಅಂದರೆ ಶ್ಯಾಡೋ ಕಾಪಿಗಳನ್ನು, ಈ ಪ್ರೋಗ್ರಾಂ ಅಳಿಸುತ್ತದೆ, ಕೆಲವೊಮ್ಮೆ ಅಳಿಸಲು ಸೋಲುತ್ತದೆ. ಶ್ಯಾಡೋ ಎಕ್ಸ್‌ಪ್ಲೋರರಿನಲ್ಲಿ ಐದು ನಿಮಿಷ ನೋಡುವುದರಲ್ಲಿ ನಷ್ಟವಿಲ್ಲ.

ಹಣ ಕಟ್ಟುವ ಮಾತು. 980 ಡಾಲರ್ ಎಂದರೆ 80 ಸಾವಿರ ರೂಪಾಯಿ ದಾಟುತ್ತದೆ. ಕಟ್ಟಿದರೂ ಕೀ ಬರುತ್ತದೆ ಎನ್ನಲು ಯಾರ ಜಾಮೀನೂ ಇಲ್ಲ. ನಾನು ಬೇಡ ಎಂದೇ ಹೇಳುತ್ತೇನೆ. ದೂರು ಕೊಡುವುದಾದರೆ ಸೈಬರ್‌ಕ್ರೈಂ.ಗವ್.ಇನ್ ಇದೆ, ಮೈಸೂರು, ಮಂಡ್ಯ ಎರಡೂ ಕಡೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಚೀಟಿಯ ಪ್ರಿಂಟು, ಪರದೆಯ ಫೋಟೊ, ಗೊತ್ತಾದ ದಿನಾಂಕ ಸಮಯ ತೆಗೆದುಕೊಂಡು ಹೋಗಿ. ಫೈಲ್ ಬಿಡಿಸಿಕೊಡುವುದು ಅವರ ಕೆಲಸವಲ್ಲ. ಬ್ಯಾಂಕಿನಿಂದ ದುಡ್ಡೂ ಹೋಗಿದ್ದರೆ ಮಾತ್ರ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ದುಡ್ಡು ಹೋಗುವ ಭಯ ಸುಮ್ಮನೆ ಹೇಳಿದ್ದಲ್ಲ. ಡಿಜೆವಿಯು ಜೊತೆಗೆ ಅಜೋರಲ್ಟ್, ವಿಡಾರ್, ರೆಡ್‌ಲೈನ್ ಥರದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಮುಗಳನ್ನೂ ಇಳಿಸುತ್ತಾರೆ. ಕ್ರೋಮಿನಲ್ಲಿ ಸೇವ್ ಆದ ಪಾಸ್‌ವರ್ಡೆಲ್ಲ ಹೋಯಿತು ಎಂದೇ ತಿಳಿದು, ಮೊಬೈಲಿನಿಂದ ಮೊದಲು ಜಿಮೇಲ್, ಆಮೇಲೆ ನೆಟ್ ಬ್ಯಾಂಕಿಂಗ್, ಆಮೇಲೆ ಉಳಿದವನ್ನು ಬದಲಿಸಿ. ಬದಲಿಸಿದರಷ್ಟೇ ಸಾಲದು, ಗೂಗಲ್ ಅಕೌಂಟಿನ ‘ಯುವರ್ ಡಿವೈಸಸ್’ ಪುಟದಿಂದ ಎಲ್ಲ ಕಡೆ ಸೈನ್‌ಔಟ್ ಮಾಡಿ. ಲಾಗಿನ್ ಆಗಿರುವುದನ್ನು ನೆನಪಿಡುವ ಕುಕೀ ಫೈಲನ್ನು ಕದ್ದವನಿಗೆ ಪಾಸ್‌ವರ್ಡೇ ಬೇಕಿಲ್ಲ. ಸ್ಕ್ಯಾನ್ ಮಾಡಿ ಹಳೆಯ ವಿಂಡೋಸನ್ನೇ ಉಳಿಸಿಕೊಳ್ಳುವುದನ್ನು ನಾನು ಒಪ್ಪದಿರುವುದೂ ಇದಕ್ಕೇ.

ಈಗ ಫಾರ್ಮ್ಯಾಟ್. ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್, 8 ಜಿಬಿ ಪೆನ್‌ಡ್ರೈವ್. ಹಳೆಯ ಡಿಸ್ಕೇ ಇದ್ದರೆ ಸಿ ಮಾತ್ರವಲ್ಲ, ಎಲ್ಲ ಪಾರ್ಟಿಷನ್ ಅಳಿಸಿ. ಕ್ರ್ಯಾಕ್ ಇಳಿಸಿದ ಸೆಟಪ್ ಫೈಲ್ ಡಿ ಡ್ರೈವಿನಲ್ಲೇ ಕೂತಿರುತ್ತದೆ. ಅಸಲಿ ವಿಂಡೋಸ್ ಇದ್ದ ಕಂಪ್ಯೂಟರಾದರೆ ಲೈಸೆನ್ಸ್ ಮದರ್‌ಬೋರ್ಡಿನ ಗುರುತಿಗೆ ಅಂಟಿರುತ್ತದೆ, ‘ಪ್ರಾಡಕ್ಟ್ ಕೀ ಇಲ್ಲ’ ಎಂದು ಒತ್ತಿ ಅದೇ ಎಡಿಷನ್ ಆರಿಸಿದರೆ ನೆಟ್ ಸಿಕ್ಕಾಗ ತಾನೇ ಆಕ್ಟಿವೇಟ್ ಆಗುತ್ತದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 11 ಹಾಕಲಾಗದ ಹಳೆಯ ಪ್ರೊಸೆಸರಿಗೆ ನಾನು ಲಿನಕ್ಸ್ ಮಿಂಟನ್ನೇ ಹಾಕಿಕೊಡುತ್ತೇನೆ.

ವಿಂಡೋಸ್ ಹಾಕಿದರೆ ಸೆಕ್ಯುರಿಟಿಯಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್’ ಆನ್ ಮಾಡಿ. ಗುರುತಿಲ್ಲದ ಪ್ರೋಗ್ರಾಮುಗಳು ನಿಮ್ಮ ಫೋಲ್ಡರುಗಳಿಗೆ ಕೈ ಹಾಕದಂತೆ ಇದು ತಡೆಯುತ್ತದೆ. ಆಮೇಲೆ ನುಡಿಯೋ ಕೋರೆಲ್‌ಡ್ರಾವೋ ಡಾಕ್ಯುಮೆಂಟ್ಸ್‌ಗೆ ಸೇವ್ ಆಗುತ್ತಿಲ್ಲ ಎಂದು ದೂರು ಬರುತ್ತದೆ. ಆಫ್ ಮಾಡಬೇಡಿ, ಆ ಪ್ರೋಗ್ರಾಮನ್ನು ಮಾತ್ರ ‘ಅಲೋ’ ಪಟ್ಟಿಗೆ ಸೇರಿಸಿ. ಬ್ಯಾಕಪ್ ಎಂದು ಸದಾ ಚುಚ್ಚಿಟ್ಟಿರುವ ಡಿಸ್ಕ್ ಬ್ಯಾಕಪ್ ಅಲ್ಲ, ಬೀಗ ಅದಕ್ಕೂ ಬೀಳುತ್ತದೆ. ಎರಡು ಡಿಸ್ಕ್ ಇಟ್ಟುಕೊಂಡು, ಮಂಡ್ಯದವರಾದರೆ ಒಂದನ್ನು ಮೈಸೂರಿನ ನೆಂಟರ ಮನೆಯಲ್ಲಿಟ್ಟು, ಹೋಗಿ ಬರುವಾಗ ಅದಲು ಬದಲು ಮಾಡಿಕೊಳ್ಳಿ.

ತೆಗೆದಿಟ್ಟ ಹಳೆಯ ಡಿಸ್ಕನ್ನು, ಐಡಿ ಆಫ್‌ಲೈನ್ ಆಗಿದ್ದರೆ, ಬೇರೆ ಕೆಲಸಕ್ಕೆ ಬಳಸಬೇಡಿ. ಕೆಲವು ತಿಂಗಳಿಗೊಮ್ಮೆ ಡಿಕ್ರಿಪ್ಟರ್‌ಗೆ ಬೀಗದ ಒಂದು ಫೈಲ್ ತೋರಿಸಿ ನೋಡಿ. ಆ ಆವೃತ್ತಿಯ ಕೀ ಸೇರಿದ್ದರೆ ಅದೇ ಹೇಳುತ್ತದೆ. ಆನ್‌ಲೈನ್ ಐಡಿ ಆದರೆ ವಿಡಿಯೊ, ಫೋಟೊ ಎತ್ತಿಕೊಂಡ ಮೇಲೂ ಮುಖ್ಯ ಕಾಗದಗಳ ಫೋಲ್ಡರನ್ನಷ್ಟೇ ಒಂದು ಪೆನ್‌ಡ್ರೈವಿನಲ್ಲಿ ಚೀಟಿಯ ಸಮೇತ ಇಟ್ಟು, ಡಿಸ್ಕನ್ನು ಖಾಲಿ ಮಾಡಿಕೊಳ್ಳಬಹುದು.